ಪುಟ್ಟ ಮಕ್ಕಳ ಕಣ್ಣಿನ ಚಾರ್ಟ್: ನನ್ನನ್ನು ಎಡವಿಸಿದ ನಾಲ್ಕು ಗೆರೆ

ಕೆಳಗೆ ಹೋದಂತೆ ಅಕ್ಷರ ಚಿಕ್ಕದಾಗುವ 1862ರ ಸ್ನೆಲೆನ್ ಚಾರ್ಟ್ ಎಲ್ಲರಿಗೂ ಗೊತ್ತು. ಅಕ್ಷರವೇ ಬಾರದ ಮೂರು ವರ್ಷದ ಮಗುವಿಗೆ ಅದನ್ನು ತೋರಿಸಿ ಉಪಯೋಗವಿಲ್ಲ. ಇಂಗ್ಲಿಷ್ E ಅಕ್ಷರವನ್ನು ಬೇರೆ ಬೇರೆ ಕಡೆ ತಿರುಗಿಸಿಟ್ಟ 'ಇ' ಚಾರ್ಟ್‌ಗೆ ಓದು ಬೇಡ, ಅದರ ಕಾಲು ಯಾವ ಕಡೆ ಇದೆ ಅಂತ ಕೈ ತೋರಿಸಿದರೆ ಸಾಕು. ಆದರೆ ಈ ವಯಸ್ಸಿಗೆ ಎಡ-ಬಲವೇ ಗೊಂದಲ. ತಪ್ಪಿದ್ದು ಕಣ್ಣೋ ದಿಕ್ಕೋ ಗೊತ್ತಾಗುವುದಿಲ್ಲ.

ಎಚ್, ಓ, ಟಿ, ವಿ ಚಾರ್ಟ್‌ನ ಜಾಣತನ ನನಗೆ ತುಂಬ ಇಷ್ಟ. ಈ ನಾಲ್ಕನ್ನೂ ಕನ್ನಡಿಯಲ್ಲಿ ನೋಡಿ, ಹಾಗೇ ಇರುತ್ತವೆ. ಎಡ-ಬಲದ ತಂಟೆಯೇ ಇಲ್ಲ. ಹೆಸರೂ ಹೇಳಬೇಕಿಲ್ಲ, ತೊಡೆ ಮೇಲಿನ ಕಾರ್ಡ್‌ನಲ್ಲಿ ಅದೇ ಆಕಾರ ಮುಟ್ಟಿದರಾಯಿತು.

ಫಿನ್ಲೆಂಡ್‌ನ ಡಾಕ್ಟರ್ ಲೇಯಾ ಹ್ಯೂವಾರಿನೆನ್ 1976ರಲ್ಲಿ ತಂದ ಲೇಯಾ ಚಿಹ್ನೆಗಳು ಸೇಬು, ಮನೆ, ಚೌಕ, ವೃತ್ತ. ಮಸುಕಾದಾಗ ನಾಲ್ಕೂ ಉಂಡೆಯ ಹಾಗೇ ಕಾಣುತ್ತವೆ, ಆದ್ದರಿಂದ ಊಹಿಸುವುದು ಕಷ್ಟ. ಮಗು ಸೇಬಿಗೆ ಹಾರ್ಟ್ ಅಂದರೂ, ವೃತ್ತಕ್ಕೆ ಲಾಡು ಅಂದರೂ ಸರಿ. ಪ್ರತಿ ಸಲ ಅದನ್ನೇ ಅನ್ನಬೇಕು, ಅಷ್ಟೇ.

ಈಗ ನಾನು ಎಡವಿದ ಜಾಗ. ನಾಲ್ಕು ವರ್ಷದ ಹುಡುಗಿಗೆ ಚಿಹ್ನೆಗಳನ್ನು ಒಂದೊಂದೇ ತೋರಿಸಿದೆ. ಎರಡೂ ಕಣ್ಣಿಗೆ 6/9, ಅಂದರೆ ಸರಿ ಇರುವ ಕಣ್ಣು 9 ಮೀಟರ್‌ನಿಂದ ಗುರುತಿಸುವುದಕ್ಕೆ ಇವಳು 6 ಮೀಟರ್‌ಗೆ ಬರಬೇಕು. ಖುಷಿಯಾಗಿ ಬರೆದುಕೊಂಡೆ. ಸೀನಿಯರ್ ಬಂದು ಸಾಲು ಚಾರ್ಟ್ ಇಟ್ಟರು. ಬಲಗಣ್ಣು 6/18ಕ್ಕೇ ನಿಂತಿತು!

ಅದೇ ಮಗು, ಅದೇ ಕಣ್ಣು. ಹಾಗಾದರೆ ಬದಲಾಗಿದ್ದೇನು? ಅಕ್ಕಪಕ್ಕದ ಚಿಹ್ನೆಗಳು. ಇದಕ್ಕೆ ಕ್ರೌಡಿಂಗ್ ಅನ್ನುತ್ತಾರೆ. ನಾನು ಇದನ್ನು ಮಸುಕು ಅಂದುಕೊಂಡಿದ್ದೆ, ಅಲ್ಲ. ಬರೀ ಮಸುಕಾಗಿದ್ದರೆ ಬಿಡಿ ಚಿಹ್ನೆಯೂ ಅಷ್ಟೇ ಕೆಡಬೇಕಿತ್ತು, ಅಲ್ವಾ? ಇಲ್ಲಿ ಪಕ್ಕದ ಗೆರೆಗಳು ನಡುವಿನ ಚಿಹ್ನೆಯ ಜೊತೆ ಕಲಸಿಹೋಗುತ್ತವೆ. ಸೋಮಾರಿ ಕಣ್ಣಿಗೆ, ಅಂದರೆ ಮಿದುಳು ಸರಿಯಾಗಿ ಬಳಸಲು ಕಲಿಯದ, ಆಂಬ್ಲಿಯೋಪಿಯಾ ಇರುವ ಕಣ್ಣಿಗೆ, ಈ ಕಾಟ ಜಾಸ್ತಿ. ನಾವು ಹುಡುಕುತ್ತಿರುವುದೇ ಆ ಕಣ್ಣನ್ನು. ಬಿಡಿ ಕಾರ್ಡ್ ಅದನ್ನೇ ಪಾಸ್ ಮಾಡಿಬಿಡುತ್ತದೆ.

ಸಾಲು ತೋರಿಸಿದರೆ ಪುಟ್ಟ ಮಕ್ಕಳು ಎಲ್ಲಿದ್ದೇವೆ ಅಂತ ಮರೆಯುತ್ತಾರೆ. ಅದಕ್ಕೇ ಒಂದು ಚಿಹ್ನೆ, ಸುತ್ತ ನಾಲ್ಕು ಗೆರೆ ಇರುವ ಕಾರ್ಡ್. ಆ ಗೆರೆಗಳನ್ನು ನಾನು ಸುಮ್ನೆ ಅಂದಕ್ಕೆ ಹಾಕಿದ ಚೌಕಟ್ಟು ಅಂದುಕೊಂಡಿದ್ದೆ. ನೆರೆಹೊರೆಯ ಕೆಲಸ ಮಾಡುವುದು ಅವೇ.

ಒಂದು ಕಣ್ಣನ್ನು ಪರೀಕ್ಷಿಸುವಾಗ ಇನ್ನೊಂದು ಕಣ್ಣನ್ನು ಪ್ಯಾಚ್ ಅಂಟಿಸಿ ಮುಚ್ಚಿ. ಕೈಯಿಂದ ಮುಚ್ಚಿದರೆ ಬೆರಳ ಸಂದಿಯಲ್ಲಿ ಇಣುಕುತ್ತಾರೆ. ಎರಡು ಕಣ್ಣಿನ ನಡುವೆ ಚಾರ್ಟ್‌ನ ಎರಡು ಸಾಲಿನ ವ್ಯತ್ಯಾಸ ಬಂದರೆ ಮುಂದಿನ ಪರೀಕ್ಷೆಗೆ ಕಳಿಸಬೇಕು. ಬರೆಯುವಾಗ ಬರೀ 6/9 ಸಾಲದು. ಯಾವ ಚಾರ್ಟ್, ಎಷ್ಟು ಮೀಟರ್, ಬಿಡಿಯೋ ಸಾಲೋ ಗೆರೆ ಇದ್ದದ್ದೋ, ಅದೂ ಪಕ್ಕದಲ್ಲಿರಲಿ.