ಪ್ರೋಗ್ರಾಮಿಗೆ ತನ್ನ ಸೋರ್ಸ್ ಫೈಲಿನ ಹೆಸರು ಗೊತ್ತಾಗುವುದು ಹೇಗೆ?

ಓಡುತ್ತಿದ್ದ ಪ್ರೋಗ್ರಾಮ್ ಥಟ್ಟನೆ ನಿಂತು, 'ಪಾರ್ಸರ್.ಸಿ, 212ನೇ ಸಾಲು' ಎಂದು ತೋರಿಸುತ್ತದೆ. ನಾವು ನೇರ ಆ ಸಾಲಿಗೆ ಹೋಗುತ್ತೇವೆ. ಆದರೆ ನಾವು ಬರೆದ ಕೋಡು, ಅಂದರೆ ಸೋರ್ಸ್, ಕಂಪೈಲ್ ಆದ ಮೇಲೆ ಓಡುವುದು ಬರೀ ಯಂತ್ರಭಾಷೆ ಅಲ್ವಾ? ಸೋರ್ಸ್ ಫೈಲು ಆ ಕಂಪ್ಯೂಟರಿನಲ್ಲಿ ಇಲ್ಲದೆಯೂ ಇರಬಹುದು. ಮತ್ತೆ ಹೆಸರು ಎಲ್ಲಿಂದ ಬಂತು?

ಕಂಪೈಲ್ ಮಾಡುವಾಗಲೇ ಕಂಪೈಲರ್ ಅದನ್ನು ಪ್ರೋಗ್ರಾಮಿನ ಒಳಗೆ ಬರೆದಿಟ್ಟಿರುತ್ತದೆ. ಸಿ ಭಾಷೆಯಲ್ಲಿ ಆ ಕೆಲಸ '__ಫೈಲ್__' ಮ್ಯಾಕ್ರೋದ್ದು. 1989ರ ಆನ್ಸಿ ಸಿ ಸ್ಟ್ಯಾಂಡರ್ಡಿನಲ್ಲಿ ಇದೂ ಇದೆ, ಸಾಲಿನ ಸಂಖ್ಯೆ ಕೊಡುವ '__ಲೈನ್__' ಕೂಡ ಇದೆ. ಕಂಪೈಲಿನ ಮೊದಲ ಹಂತವಾದ ಪ್ರಿಪ್ರೊಸೆಸರ್ ಆ ಪದ ಕಂಡ ಕಡೆಯೆಲ್ಲ ಫೈಲಿನ ಹೆಸರನ್ನು ಸ್ಟ್ರಿಂಗ್ (ಅಕ್ಷರಗಳ ಸರಣಿ) ಆಗಿ ಕೂರಿಸುತ್ತದೆ. ಷರತ್ತು ನಿಜವೇ ಎಂದು ಪರೀಕ್ಷಿಸುವ 'ಅಸರ್ಟ್' ಸೋತಾಗ ಬರುವ ಹೆಸರೂ ಇದೇ.

ತೊಡಕು ಇಲ್ಲೇ ಶುರು. ಕಂಪೈಲರಿಗೆ ಫೈಲನ್ನು ಪೂರ್ತಿ ಪಾತ್ (ಫೈಲು ಇರುವ ಫೋಲ್ಡರುಗಳ ವಿಳಾಸ) ಸಮೇತ ಕೊಟ್ಟರೆ ಸಾಮಾನ್ಯವಾಗಿ ಅಷ್ಟೂ ಒಳಗೆ ಹೋಗುತ್ತದೆ. ಬಿಲ್ಡ್ ಮಾಡಿದವರ, ಅಂದರೆ ಕಂಪೈಲ್ ಮಾಡಿ ಪ್ರೋಗ್ರಾಮ್ ತಯಾರಿಸಿದವರ, ಹೋಮ್ ಫೋಲ್ಡರಿನ ಹೆಸರು ಕೂಡ! ನಿಮ್ಮದೇ ಬೈನರಿಯ (ಕಂಪೈಲ್ ಆದ ಫೈಲಿನ) ಮೇಲೆ, ಒಳಗಿನ ಪಠ್ಯವನ್ನು ಹೆಕ್ಕಿ ತೋರಿಸುವ 'ಸ್ಟ್ರಿಂಗ್ಸ್' ಕಮಾಂಡ್ ಓಡಿಸಿ ನೋಡಿ, ಕಣ್ಣಿಗೆ ಬೀಳಬಹುದು. ಇದು ಬರೀ ಗುಟ್ಟು ಬಯಲಾಗುವ ಮಾತಲ್ಲ. ಒಂದೇ ಕೋಡನ್ನು ಇಬ್ಬರು ಬೇರೆ ಬೇರೆ ಫೋಲ್ಡರಿನಲ್ಲಿ ಬಿಲ್ಡ್ ಮಾಡಿದರೆ ಬೈನರಿಗಳು ತಾಳೆಯಾಗುವುದಿಲ್ಲ. ಹಾಗಾದರೆ ಈ ಬೈನರಿ ಈ ಕೋಡಿನಿಂದಲೇ ಬಂದದ್ದು ಎಂದು ಪರೀಕ್ಷಿಸುವುದು ಹೇಗೆ? ನನಗೆ ದೊಡ್ಡ ಸಮಸ್ಯೆ ಅನಿಸುವುದು ಇದೇ.

ಬಹಳ ಕಾಲ ಎಲ್ಲರೂ ತಮ್ಮ ತಮ್ಮ ದಾರಿ ನೋಡಿಕೊಂಡರು. ಸಿ ಭಾಷೆಯ 'ಸ್ಟ್ರ್‌ಆರ್‌ಚರ್' ಫಂಕ್ಷನ್ ಬಳಸಿ ಕೊನೆಯ ಸ್ಲ್ಯಾಶ್ ಹುಡುಕಿ, ಅದರ ಮುಂದಿನ ಹೆಸರಷ್ಟನ್ನೇ ಮುದ್ರಿಸುವುದು ಹಳೆಯ ಉಪಾಯ. ಲಾಗ್ (ಪ್ರೋಗ್ರಾಮ್ ಬರೆದಿಡುವ ದಾಖಲೆ) ಚೊಕ್ಕವಾಗುತ್ತದೆ ನಿಜ, ಆದರೆ ಪೂರ್ತಿ ಪಾತ್ ಬೈನರಿಯಲ್ಲಿ ಉಳಿದುಬಿಡಬಹುದು. 2018ರಲ್ಲಿ ಜಿಸಿಸಿ ಎಂಬ ಕಂಪೈಲರಿನ 8ನೇ ಆವೃತ್ತಿಯಲ್ಲಿ ಪಾತಿನ ಮುಂಭಾಗವನ್ನೇ ಬದಲಿಸುವ 'ಮ್ಯಾಕ್ರೋ ಪ್ರಿಫಿಕ್ಸ್ ಮ್ಯಾಪ್' ಆಯ್ಕೆ ಬಂತು. ಬರೀ ಹೆಸರು ಕೊಡುವ '__ಫೈಲ್_ನೇಮ್__' ಮ್ಯಾಕ್ರೋ ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರಿನ 9ನೇ ಆವೃತ್ತಿಯಲ್ಲಿ, ಆಮೇಲೆ ಜಿಸಿಸಿ 12ರಲ್ಲಿ ಸೇರಿತು.

ಇನ್ನೊಂದು ಪೇಚಾಟವೂ ಇತ್ತು. ಲಾಗ್ ಬರೆಯುವ ಫಂಕ್ಷನ್ನಿನ ಒಳಗೆ '__ಫೈಲ್__' ಬರೆದರೆ ಆ ಫಂಕ್ಷನ್ ಇರುವ ಸೋರ್ಸ್ ಫೈಲಿನದೇ ಹೆಸರು ಬರುತ್ತದೆ, ಅದನ್ನು ಕರೆದ ಫೈಲಿನದ್ದಲ್ಲ. ಅದಕ್ಕೇ ಲಾಗಿಂಗ್ ಕೋಡಿನಲ್ಲಿ ಅಷ್ಟೊಂದು ಮ್ಯಾಕ್ರೋಗಳು. ಸಿ++20ರ 'ಸೋರ್ಸ್ ಲೊಕೇಶನ್' ಅನ್ನು ಫಂಕ್ಷನ್ನಿನ ಡೀಫಾಲ್ಟ್ ಆರ್ಗ್ಯುಮೆಂಟ್ (ಕರೆಯುವವರು ಕೊಡದಿದ್ದರೆ ತಾನಾಗಿ ಬರುವ ಮೌಲ್ಯ) ಆಗಿ ಇಟ್ಟರೆ ಕರೆದ ಜಾಗವೇ ಸಿಗುತ್ತದೆ.

ಜಾವಾದ ದಾರಿ ಬೇರೆ. ಕಂಪೈಲ್ ಆದ ಮೇಲೆ ಸಿಗುವ ಕ್ಲಾಸ್ ಫೈಲಿನೊಳಗೆ 'ಸೋರ್ಸ್‌ಫೈಲ್' ಎಂಬ ಜಾಗವಿದೆ, ಅಲ್ಲಿ ಇರುವುದು ಪಾತ್ ಇಲ್ಲದ ಹೆಸರು ಮಾತ್ರ. ಪ್ಯಾಕೇಜಿನ ಹೆಸರು ಜೊತೆಗಿರುವುದರಿಂದ ಗೊಂದಲವಿಲ್ಲ. ಸಿ ಪ್ರಾಜೆಕ್ಟಿನಲ್ಲಿ ಆ ಆಸರೆ ಇಲ್ಲ. ಮೂರು ಫೋಲ್ಡರುಗಳಲ್ಲಿ ಮೂರು 'ಯುಟಿಲ್.ಸಿ' ಇದ್ದರೆ ಬರೀ ಹೆಸರಿನಿಂದ ಏನು ತಿಳಿಯುತ್ತದೆ? ಅಂಥ ಕಡೆ ನಾನು ಪ್ರಾಜೆಕ್ಟಿನ ಬುಡದಿಂದಾಚೆಗಿನ ಪಾತನ್ನು ಉಳಿಸಿಕೊಂಡು, ಅದಕ್ಕಿಂತ ಮುಂಚಿನದನ್ನಷ್ಟೇ ಕತ್ತರಿಸುತ್ತೇನೆ.