ಹೊಸ ಮೈದಾನ ಬೇಡ, ಹೊಸ ಗೆರೆ ಎಳೆಯಿರಿ

ದಾವಣಗೆರೆಯ ಕಾಲೇಜೊಂದರಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕ. ಬೇರೆ ಕಾಲೇಜಿನ ಗೆಳೆಯರು ಸಿಕ್ಕಾಗ ಆಗಾಗ ಹೇಳುತ್ತಾರೆ: "ನಮ್ಮಲ್ಲೂ ನಾಲ್ಕೈದು ವಿಶೇಷಚೇತನ ಮಕ್ಕಳಿದ್ದಾರೆ ಸರ್. ಚೆಸ್, ಕೇರಂ ಕೊಟ್ಟಿದ್ದೀವಿ." ಚೆಸ್ ಒಳ್ಳೆಯ ಆಟವೇ. ಆದರೆ ಇಪ್ಪತ್ತು ವರ್ಷದ ಹುಡುಗನಿಗೆ ಬೆವರು ಬರುವ ಆಟವೂ ಬೇಕು, ಅಲ್ವಾ? ಇನ್ನು ಕೆಲವರದು ವರ್ಷಕ್ಕೊಮ್ಮೆಯ ವ್ಯವಹಾರ. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಕ್ಕೆ ನಿಂಬೆಹಣ್ಣು-ಚಮಚದ ಓಟ, ಒಂದು ಸ್ಟೀಲ್ ಡಬ್ಬಿ, ಒಂದು ಫೋಟೊ. ಮತ್ತೆ ಮುಂದಿನ ಡಿಸೆಂಬರ್‌ಗೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ. 5ರಷ್ಟು ಸೀಟು ಮೀಸಲಿದೆ. ಅದೇ ಕಾಯ್ದೆ ಕ್ರೀಡೆಯ ಬಗ್ಗೆಯೂ ಹೇಳುತ್ತದೆ. ಸೀಟಿನ ಮಾತು ಎಲ್ಲರಿಗೂ ಗೊತ್ತು, ಆಟದ ಮಾತು ಫೈಲಿನಲ್ಲೇ ಉಳಿದಿದೆ. ಕೇಳಿದರೆ ಉತ್ತರ ಒಂದೇ: ಜಾಗ ಇಲ್ಲ, ದುಡ್ಡಿಲ್ಲ.

ಜಾಗದ ವಿಷಯವನ್ನು ಟೇಪ್ ಹಿಡಿದೇ ನೋಡೋಣ. ಬ್ಯಾಡ್ಮಿಂಟನ್ ಅಂಕಣ 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ನೆಲದ ಮೇಲೆ ಕೂತು ಆಡುವ ಸಿಟ್ಟಿಂಗ್ ವಾಲಿಬಾಲ್‌ಗೆ ಬೇಕಾದದ್ದು 10 ಮೀಟರ್ ಉದ್ದ, 6 ಮೀಟರ್ ಅಗಲ. ಗುರಿಯ ಬಿಳಿ ಚೆಂಡಿನ ಹತ್ತಿರಕ್ಕೆ ಚೆಂಡು ಎಸೆಯುವ ಬೊಚ್ಚಾ ಆಟಕ್ಕೆ 12.5 ಮೀಟರ್, 6 ಮೀಟರ್. ಎರಡೂ ಒಂದೇ ಬ್ಯಾಡ್ಮಿಂಟನ್ ಅಂಕಣದೊಳಗೆ ಕೂರುತ್ತವೆ. ದೃಷ್ಟಿದೋಷ ಇರುವವರ ಗೋಲ್‌ಬಾಲ್‌ಗೆ 18 ಮೀಟರ್, 9 ಮೀಟರ್. ಅದು ವಾಲಿಬಾಲ್ ಅಂಕಣದ ಅಳತೆಯೇ. ಅಂದರೆ ಸಾಮಾನ್ಯ ಕಾಲೇಜಿನಲ್ಲಿ ಈಗಾಗಲೇ ಇರುವ ಎರಡು ಅಂಕಣಗಳಲ್ಲಿ ಮೂರು ಆಟ ಆಡಿಸಬಹುದು. ಬೇರೆ ಬಣ್ಣದ ಟೇಪ್ ಒಂದು ರೋಲು ತಂದರಾಯಿತು.

ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಸಿಟ್ಟಿಂಗ್ ವಾಲಿಬಾಲ್. ನೆಟ್ ಎತ್ತರ ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05. ಹಳೇ ವಾಲಿಬಾಲ್ ನೆಟ್ ಮಡಚಿ ಕಟ್ಟಿದರೆ ನಡೆಯುತ್ತದೆ. ಒಂದು ಕಡೆ ಆರು ಜನ. ಚೆಂಡು ಮುಟ್ಟುವಾಗ ಕುಂಡೆ ನೆಲ ಬಿಡಬಾರದು. ಸಾಮಾನ್ಯ ವಾಲಿಬಾಲ್‌ನಲ್ಲಿ ಸರ್ವಿಸ್ ಬ್ಲಾಕ್ ಮಾಡುವಂತಿಲ್ಲ, ಇಲ್ಲಿ ಮಾಡಬಹುದು. ಹಾಗಾಗಿ ಆಟ ಬಹಳ ಚುರುಕು. ಎಲ್ಲದಕ್ಕಿಂತ ಮುಖ್ಯವಾದ ಸಂಗತಿ ಕೈಯದು. ಜಾಗ ಬದಲಿಸುವುದೂ ಕೈಯಿಂದಲೇ, ಚೆಂಡು ಹೊಡೆಯುವುದೂ ಕೈಯಿಂದಲೇ. ಪೋಲಿಯೊ ಆಗಿ ಚಿಕ್ಕಂದಿನಿಂದ ಕೈ ಊರಿ ಸರಿದು ಅಭ್ಯಾಸವಿರುವ ಹುಡುಗ ಸರಕ್ಕನೆ ಚೆಂಡಿನ ಕೆಳಗೆ ಹೋಗುತ್ತಾನೆ. ಕಾಲೇಜು ತಂಡದ ಆರಡಿ ಸ್ಪೈಕರ್ ಕೂತ ಜಾಗದಲ್ಲೇ ಒದ್ದಾಡುತ್ತಾನೆ. ಅಂತರರಾಷ್ಟ್ರೀಯ ಪಂದ್ಯಕ್ಕೆ ಅರ್ಹತೆಯ ನಿಯಮಗಳಿವೆ ನಿಜ. ಕಾಲೇಜಿನ ವಾರದ ಆಟಕ್ಕೆ ಅವೆಲ್ಲ ಯಾಕೆ? ಎಲ್ಲರನ್ನೂ ಕೂರಿಸಿ ಆಡಿಸಿ. ಸಿಮೆಂಟ್ ನೆಲದಲ್ಲಿ ಮಾತ್ರ ಬೇಡ, ಚರ್ಮ ಕಿತ್ತು ಬರುತ್ತದೆ. ಕಬಡ್ಡಿ ಮ್ಯಾಟ್ ಇದ್ದರೆ ಹಾಸಿ. ದಪ್ಪನೆಯ ಕುಸ್ತಿ ಮ್ಯಾಟ್ ಮೇಲೆ ಸರಿಯುವುದು ಕಷ್ಟ.

ಗೋಲ್‌ಬಾಲ್‌ನಲ್ಲಿ ಒಂದು ಕಡೆ ಮೂವರು. ಗೆಜ್ಜೆ ಇರುವ 1.25 ಕೆ.ಜಿ. ಚೆಂಡನ್ನು ಉರುಳಿಸಿ ಎಸೆಯಬೇಕು, ಎದುರಿನವರು ಸದ್ದು ಕೇಳಿ ಅಡ್ಡ ಮಲಗಿ ತಡೆಯಬೇಕು. ಎಲ್ಲರ ಕಣ್ಣಿಗೂ ಪಟ್ಟಿ ಇರುವುದರಿಂದ ಸ್ವಲ್ಪ ಕಾಣುವವರು, ಏನೂ ಕಾಣದವರು, ಪೂರ್ತಿ ಕಾಣುವ ಗೆಳೆಯರು ಎಲ್ಲ ಒಂದೇ. ಗೆರೆಗಳ ಟೇಪಿನ ಕೆಳಗೆ ದಾರ ಹಾಕಿದರೆ ಕೈಗೆ, ಕಾಲಿಗೆ ಗೆರೆ ಸಿಗುತ್ತದೆ. ಗೆಜ್ಜೆಯ ಚೆಂಡು ಬರುವವರೆಗೆ ಹಳೇ ಬಾಸ್ಕೆಟ್‌ಬಾಲ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿ ಅಭ್ಯಾಸ ಮಾಡಿಸಬಹುದು, ಸರಸರ ಸದ್ದು ಬರುತ್ತದೆ. ಪ್ರೇಕ್ಷಕರು ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು. ನಮ್ಮ ಹುಡುಗರಿಗೆ ಇದೇ ದೊಡ್ಡ ಶಿಕ್ಷೆ! ಕಿವಿ ಕೇಳದವರಿಗೆ ಆಟ ಬದಲಿಸುವುದೇ ಬೇಡ. ರೆಫರಿ ಸೀಟಿಯ ಜೊತೆ ಬಾವುಟ ಬೀಸಿದರೆ ಸಾಕು.

ಯಾವ ಹೊತ್ತಿನಲ್ಲಿ ಆಡಿಸುತ್ತೀರಿ ಅನ್ನುವುದೂ ಮುಖ್ಯ. ಜಗಳೂರು, ಚನ್ನಗಿರಿ ಕಡೆಯ ಮಕ್ಕಳು ಬಸ್ ಪಾಸಿನಲ್ಲಿ ಬರುತ್ತಾರೆ. ಸಂಜೆ ಐದಕ್ಕೆ ಆಟ ಅಂದರೆ ಅವರು ಬರಲ್ಲ. ತರಗತಿಗಳ ನಡುವೆಯೇ ವಾರಕ್ಕೊಂದು ಪಿರಿಯಡ್ ಬೇಕು, ಅದು ವೇಳಾಪಟ್ಟಿಯಲ್ಲಿ ಅಚ್ಚಾಗಿರಬೇಕು. ಬಾಯಿಮಾತಿನ ಪಿರಿಯಡ್ ಇಂಟರ್ನಲ್ಸ್ ಹತ್ತಿರ ಬಂದ ಕೂಡಲೇ ಮಾಯ.

ದಾವಣಗೆರೆಯ ಬೇಸಿಗೆ ಬಗ್ಗೆ ಎಚ್ಚರ ಬೇಕು. ಅಡಿಕೆ ಮರದಿಂದ ಬಿದ್ದೋ, ಬೈಕ್ ಅಪಘಾತದಲ್ಲೋ ಬೆನ್ನುಹುರಿಗೆ ಪೆಟ್ಟಾದವರಿಗೆ ಪೆಟ್ಟಿನ ಜಾಗದಿಂದ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ. ಮೈ ಬಿಸಿ ಒಳಗೇ ಉಳಿಯುತ್ತದೆ. ನೆರಳಿನಲ್ಲೇ ಆಡಿಸಿ, ಒದ್ದೆ ಟವೆಲ್, ನೀರು ಚಿಮುಕಿಸುವ ಬಾಟಲಿ ಇಟ್ಟುಕೊಳ್ಳಿ. ಕುತ್ತಿಗೆ ಅಥವಾ ಎದೆಯ ಮೇಲ್ಭಾಗದ ಮಟ್ಟದಲ್ಲಿ ಪೆಟ್ಟಾಗಿರುವವರು ಆಟದ ಮಧ್ಯೆ ಸಿಕ್ಕಾಪಟ್ಟೆ ತಲೆನೋವು ಅಂದು, ಮುಖ ಕೆಂಪಾದರೆ ಆಟ ನಿಲ್ಲಿಸಿ. ರಕ್ತದೊತ್ತಡ ಏರಿರಬಹುದು. ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಮೂತ್ರದ ಪೈಪ್ ಮಡಚಿಕೊಂಡಿದೆಯಾ ನೋಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕೃತಕ ಕಾಲು ಹಾಕುವವರು ಆಟದ ನಂತರ ಕಾಲು ಬಿಚ್ಚಿ ಚರ್ಮ ನೋಡಿಕೊಳ್ಳಲಿ. ಕೆಂಪು ಗುರುತು ಮಾಸದಿದ್ದರೆ ಅವತ್ತು ಮತ್ತೆ ಹಾಕಬಾರದು.

ಇನ್ನೊಂದು ವಿಷಯ ಯಾರೂ ಬಾಯಿ ಬಿಟ್ಟು ಹೇಳಲ್ಲ. ವೀಲ್‌ಚೇರ್ ಹೋಗುವಷ್ಟು ಅಗಲದ ಶೌಚಾಲಯ ಇಲ್ಲದ ಕಡೆ ಈ ಮಕ್ಕಳು, ಅದರಲ್ಲೂ ಹುಡುಗಿಯರು, ಬೆಳಗ್ಗೆಯಿಂದ ನೀರೇ ಕುಡಿದಿರಲ್ಲ. ಅಂಥವರನ್ನು ಏಪ್ರಿಲ್‌ನಲ್ಲಿ ಆಡಿಸುವುದು ಅಪಾಯ. ಪ್ರಿನ್ಸಿಪಾಲರು ದುಡ್ಡು ಎಲ್ಲಿಗೆ ಹಾಕಲಿ ಅಂತ ಕೇಳಿದರೆ ಸ್ಪೋರ್ಟ್ಸ್ ವೀಲ್‌ಚೇರ್ ಆಮೇಲೆ, ಮೊದಲು ಶೌಚಾಲಯದ ಬಾಗಿಲು ಅಂತೀನಿ.

ಪದಕದ ಆಸೆ ತಪ್ಪಲ್ಲ. ಆದರೆ ಅವಸರ ಬೇಡ. ಹಾಸನ ಮೂಲದ ಸುಹಾಸ್ ಯತಿರಾಜ್ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದವರು. 2016ರಲ್ಲಿ ಏಷ್ಯನ್ ಪ್ಯಾರಾ ಬ್ಯಾಡ್ಮಿಂಟನ್ ಚಾಂಪಿಯನ್ ಆದಾಗ ಐಎಎಸ್ ಅಧಿಕಾರಿ. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಾಗ ವಯಸ್ಸು 38. ಪ್ಯಾರಿಸ್‌ನಲ್ಲಿ ಮತ್ತೆ ಬೆಳ್ಳಿ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಕಣ್ಣು ಕಾಣದವರ ವಿಭಾಗದಲ್ಲಿ 1500 ಮೀಟರ್ ಓಡುವುದು ದಾರಿ ತೋರಿಸುತ್ತ ಪಕ್ಕದಲ್ಲೇ ಓಡುವ ಗೈಡ್ ರನ್ನರ್ ಜೊತೆ. ಗೈಡ್ ಆಗುವವರು ಓಟಗಾರರಿಗಿಂತ ವೇಗವಾಗಿರಬೇಕು. ನಿಮ್ಮ ಕ್ರಾಸ್ ಕಂಟ್ರಿ ತಂಡದಲ್ಲಿ ವಿಶ್ವವಿದ್ಯಾಲಯ ಮಟ್ಟಕ್ಕೆ ಸ್ವಲ್ಪದರಲ್ಲಿ ತಪ್ಪಿದ ಹುಡುಗರಿರುತ್ತಾರಲ್ಲ, ಅವರನ್ನು ಕೇಳಿ ನೋಡಿ.

ಆಯ್ಕೆಗೆ ಕಳಿಸುವ ಮುಂಚೆ ಒಂದು ಗೊಂದಲ ಬಗೆಹರಿಸಿಕೊಳ್ಳಿ. ಯುಡಿಐಡಿ ಕಾರ್ಡಿನಲ್ಲಿರುವ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ಅಂಗವೈಕಲ್ಯದ ಶೇಕಡಾವಾರಿಗೂ ಪ್ಯಾರಾ ಕ್ರೀಡೆಯ ವಿಭಾಗಕ್ಕೂ ನೇರ ಸಂಬಂಧ ಇಲ್ಲ. ಶೇ. 40 ಇದ್ದರೆ ಸರ್ಕಾರಿ ಸೌಲಭ್ಯ ಸಿಗುತ್ತದೆ. ಕ್ರೀಡೆಯಲ್ಲಿ ಆ ಆಟಕ್ಕೆ ಬೇಕಾದ ಚಲನೆ ಎಷ್ಟಿದೆ, ಎಷ್ಟಿಲ್ಲ ಅಂತ ಬೇರೆಯೇ ಪರೀಕ್ಷೆ ಮಾಡುತ್ತಾರೆ. ಕಿವುಡರಿಗೆ ಪ್ಯಾರಾಲಿಂಪಿಕ್ಸ್‌ನಲ್ಲಿ ವಿಭಾಗವೇ ಇಲ್ಲ, ಅವರದು ಡೆಫ್‌ಲಿಂಪಿಕ್ಸ್. ಇದು ಗೊತ್ತಿಲ್ಲದೆ ಹುಡುಗನನ್ನು ರಾತ್ರಿ ಬಸ್ಸಿಗೆ ಹತ್ತಿಸಿ ಬೆಂಗಳೂರಿಗೆ ಕಳಿಸಿದರೆ ಸುಮ್ನೆ ವಾಪಸ್ ಬರುತ್ತಾನೆ. ಹಳೇ ವೈದ್ಯಕೀಯ ದಾಖಲೆಗಳನ್ನೆಲ್ಲ ಜೊತೆಗಿಟ್ಟು, ಯಾವ ಆಟದ ಯಾವ ವಿಭಾಗ ಅಂತ ಫೋನಿನಲ್ಲೇ ಮೊದಲು ಕೇಳಿಕೊಳ್ಳಿ.