ನಿಮ್ಮ ಯುದ್ಧದೇವರಿಗೆ ಕೈ ಮುಗಿಯುವವರು ಯಾರು?

ಕೆಂಪು ಕಣ್ಣು. ಕೈಯಲ್ಲಿ ತನಗಿಂತ ಉದ್ದದ ಕತ್ತಿ. ರಕ್ತ ಕಂಡರೆ ಖುಷಿ. ಈ ದೇವರನ್ನು ವರ್ಷಕ್ಕೆ ಹತ್ತು ಸಲವಾದರೂ ನೋಡುತ್ತೇನೆ, ಹೆಸರು ಮಾತ್ರ ಬೇರೆ ಬೇರೆ. ಫ್ಯಾಂಟಸಿ ಕಾದಂಬರಿ ಬರೆಯುವವರು, ಗೇಮ್ ಮಾಡುವವರು ತಮ್ಮ ಲೋಕವನ್ನು ಒಮ್ಮೆ ನೋಡಿಕೊಡಿ ಅಂತ ನನ್ನ ಹತ್ತಿರ ಬರುತ್ತಾರೆ. ನಕ್ಷೆ ಚೆನ್ನಾಗಿರುತ್ತದೆ, ರಾಜವಂಶಗಳೂ ಚೆನ್ನಾಗಿರುತ್ತವೆ. ಯುದ್ಧದೇವರ ಪುಟಕ್ಕೆ ಬಂದರೆ ಮತ್ತೆ ಅದೇ ಆಸಾಮಿ.

ಬದಲಾಯಿಸಿ ಅಂದರೆ ಆಯುಧ ಬದಲಾಯಿಸಿ ತರುತ್ತಾರೆ. ಕತ್ತಿ ಹೋಗಿ ಕೊಡಲಿ ಬರುತ್ತದೆ. ಇಲ್ಲವಾದರೆ ದೇವರ ಜಾಗಕ್ಕೆ ದೇವಿ, ಕಣ್ಣು ಅದೇ ಕೆಂಪು.

ನಾನು ಕೇಳುವುದು ಒಂದೇ ಪ್ರಶ್ನೆ. ಈ ದೇವರಿಗೆ ಕೈ ಮುಗಿಯುವವರು ಯಾರು, ಏನು ಬೇಡಿಕೊಳ್ಳುತ್ತಾರೆ? "ಸೈನಿಕರು ಸಾರ್, ಗೆಲುವು ಕೇಳ್ತಾರೆ" ಅನ್ನುತ್ತಾರೆ. ಅಯ್ಯಾ, ಗೆಲುವು ಕೇಳುವವನು ರಾಜ. ಮೂರನೇ ಸಾಲಿನಲ್ಲಿ ಈಟಿ ಹಿಡಿದು ನಿಂತವನ ಬೇಡಿಕೆಯೇ ಬೇರೆ. ಕಾಲು ನಡುಗದಿರಲಿ, ಪಕ್ಕದವನು ಓಡಿಹೋಗದಿರಲಿ, ಸಾವು ಬರುವುದಾದರೆ ಒಂದೇ ಏಟಿಗೆ ಬರಲಿ. ಅವನ ತಾಯಿ ಕೇಳುವುದು ಇನ್ನೊಂದು. ದಾರಿ ಪಕ್ಕದಲ್ಲಿ ಹೊಲ ಇರುವವನು ದಂಡು ಆ ಕಡೆಯಿಂದ ಹೋಗಲಿ ಅಂತ ಬೇಡುತ್ತಾನೆ. ಬಾಣದ ಮೊನೆ ಬಡಿಯುವ ಕಮ್ಮಾರ ಯುದ್ಧ ಇನ್ನೊಂದು ವರ್ಷ ನಡೆಯಲಿ ಅಂತ ಗುಟ್ಟಾಗಿ ಹರಕೆ ಹೊತ್ತರೂ ಆಶ್ಚರ್ಯವಿಲ್ಲ. ಸೋತ ಊರಿನವರು ಮರುದಿನ ಅದೇ ಗುಡಿಗೆ ಹೋಗುತ್ತಾರಾ? ಹೋದರೆ ಏನನ್ನುತ್ತಾರೆ? ಇಷ್ಟೂ ಜನರ ಮಾತು ಒಂದೇ ಕಿವಿಗೆ ಬೀಳಬೇಕು. ಯಾರ ಮಾತಿಗೆ ಒಲಿಯುತ್ತಾನೆ, ಯಾರಿಗೆ ಕಿವುಡಾಗುತ್ತಾನೆ, ಬದಲಿಗೆ ಏನು ಕೇಳುತ್ತಾನೆ ಎನ್ನುವುದರಲ್ಲೇ ಅವನ ಗುಣ ಇದೆ. ಯುದ್ಧದೇವರು ಅಂದಮೇಲೆ ಸದಾ ಯುದ್ಧಕ್ಕೆ ಹಾತೊರೆಯಬೇಕು ಅಂತ ಯಾರು ಹೇಳಿದರೋ! ಮಳೆದೇವರು ಹಗಲೂ ರಾತ್ರಿ ನೆನೆಯುತ್ತಾ ಕೂತಿರುತ್ತಾನಾ?

ಹಿಂದಿನವರು ಈ ವಿಷಯದಲ್ಲಿ ನಮಗಿಂತ ಜಾಣರು. ರೋಮನ್ನರ ಯುದ್ಧದೇವರು ಮಾರ್ಸ್‌ನನ್ನೇ ನೋಡಿ. ಕ್ರಿ.ಪೂ. 2ನೇ ಶತಮಾನದಲ್ಲಿ ರೋಮನ್ ಮುತ್ಸದ್ದಿ ಕೇಟೋ ಬರೆದ ಕೃಷಿ ಪುಸ್ತಕದಲ್ಲಿ ರೈತ ಮಾರ್ಸ್‌ಗೆ ಬಲಿ ಕೊಟ್ಟು, ಬೆಳೆಗೆ ರೋಗ ಬಾರದಿರಲಿ, ದನಕರು ಮತ್ತು ಮನೆಮಂದಿ ಚೆನ್ನಾಗಿರಲಿ ಅಂತ ಬೇಡುತ್ತಾನೆ. ಆಗ ಉಳುವವನೇ ದಂಡಿಗೂ ಹೋಗುತ್ತಿದ್ದ, ಅಲ್ವಾ? ಈಜಿಪ್ಟಿನ ಸಿಂಹಮುಖದ ಸೆಖ್ಮೆತ್ ಯುದ್ಧದ ದೇವಿ, ಪಿಡುಗು ಕಳಿಸುವವಳೂ ಅವಳೇ. ಹಾಗಾಗಿ ಅವಳ ಪೂಜಾರಿಗಳು ರೋಗ ವಾಸಿ ಮಾಡುವವರೂ ಆಗಿದ್ದರು. ನಮ್ಮ ದೇವಸೇನಾಪತಿ ಸ್ಕಂದನ ಪರಿವಾರದಲ್ಲಿ 16 ವರ್ಷದೊಳಗಿನ ಮಕ್ಕಳನ್ನು ಕಾಡುವ ಗ್ರಹಗಳೆಂಬ ದುಷ್ಟಶಕ್ತಿಗಳಿವೆ ಎನ್ನುತ್ತದೆ ಮಹಾಭಾರತದ ವನಪರ್ವ. ಅಂದರೆ ರಣರಂಗ ನೋಡದ ತಾಯಿಯೂ ಅವನಿಗೆ ಕೈ ಮುಗಿಯಬೇಕು. ನನಗೆ ತುಂಬಾ ಇಷ್ಟವಾದದ್ದು ಹಳೇ ಗ್ರೀಸಿನ ಸ್ಪಾರ್ಟಾದ್ದು. ಅಲ್ಲಿ ಯುದ್ಧದೇವರು ಎನ್ಯಾಲಿಯಸ್‌ನ ವಿಗ್ರಹಕ್ಕೆ ಸಂಕೋಲೆ ಹಾಕಿದ್ದರು. ನಮ್ಮನ್ನು ಬಿಟ್ಟು ಓಡಿಹೋಗದಿರಲಿ ಅಂತ! ಒಂದೇ ಒಂದು ಸಂಕೋಲೆಯಲ್ಲಿ ಆ ಊರಿನ ಭಯವೆಲ್ಲ ಕಾಣುತ್ತದೆ.

ಹಾಗಂತ ಇವನ್ನು ಎತ್ತಿಕೊಂಡು ಹೆಸರು ಬದಲಾಯಿಸಿ ಇಡಬೇಡಿ, ಓದುಗರು ಹಿಡಿಯುತ್ತಾರೆ. ನಾನು ಹೇಳುವುದೇ ಸರಿ ಅಂತಲೂ ಅಲ್ಲ. ಗೇಮ್‌ನ ಕೊನೇ ಹಂತದಲ್ಲಿ ಹೊಡೆದು ಉರುಳಿಸಲು ಯಾರೋ ಒಬ್ಬ ಬೇಕು ಅಷ್ಟೇ ಅಂದರೆ ಕೆಂಪು ಕಣ್ಣು ಧಾರಾಳ ಸಾಕು.

ಒಬ್ಬ ಹುಡುಗ ನಲವತ್ತು ಪುಟ ತಂದಿದ್ದ. ದೇವರಿಗೆ ಹನ್ನೆರಡು ಆಯುಧ, ಒಂದೊಂದಕ್ಕೂ ಒಂದು ಕಥೆ. ಈಟಿಯವನ ಪ್ರಶ್ನೆ ಕೇಳಿದೆ. ಮುಖ ಸಪ್ಪಗಾಯಿತು. ಸುಮ್ನೆ ಬೇಜಾರು ಮಾಡಿದೆನೇನೋ ಅನ್ನಿಸಿತು. ಮೂರು ವಾರ ಬಿಟ್ಟು ಬಂದ. ಅವನ ಲೋಕದಲ್ಲೀಗ ದಂಡಿಗೆ ಹೊರಡುವವನು ತನ್ನ ಹಳೇ ಜೋಡಿನಿಂದ ಎಡಗಾಲಿನ ಚಪ್ಪಲಿಯನ್ನು ಗುಡಿಯ ಒಳಗೆ, ದೇವರ ಪಾದದ ಹತ್ತಿರವೇ ಬಿಟ್ಟು ಹೋಗುತ್ತಾನೆ. ವಾಪಸ್ ಬಂದವನು ತನ್ನದನ್ನು ಹುಡುಕಿಕೊಳ್ಳುತ್ತಾನೆ. ದೇವರ ಕೈಯಲ್ಲಿ ಆಯುಧವೇ ಇಲ್ಲ. ಅವನು ಲೆಕ್ಕ ಇಡುವ ದೇವರು. ಯುದ್ಧ ಮುಗಿದ ಮೇಲೆ ಉಳಿದ ಚಪ್ಪಲಿಗಳನ್ನು ಪೂಜಾರಿ ಎಣಿಸುತ್ತಾನೆ, ರಾಜ ಅಲ್ಲೇ ನಿಂತು ಆ ಸಂಖ್ಯೆಯನ್ನು ಕೇಳಲೇಬೇಕು.

"ಉಳಿದ ಚಪ್ಪಲಿ ಏನಾಗುತ್ತೆ?" ಅಂದೆ.

"ಅಲ್ಲೇ ಇರುತ್ತೆ ಸಾರ್. ಸತ್ತವನ ಮಗನ ಕಾಲಿಗೆ ಸರಿಹೋಗೋ ದಿನ ಅವನಿಗೆ ದಂಡಿನಿಂದ ಕರೆ ಬರುತ್ತೆ."

ಹನ್ನೆರಡು ಆಯುಧಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ, ಪುಸ್ತಕದ ಕೊನೆಗೆ ಅನುಬಂಧ ಮಾಡಿ ಇಟ್ಟಿದ್ದ. ನಾನೂ ಏನೂ ಹೇಳಲಿಲ್ಲ.